ತಗ್ಗಿನ ತೆನೆ

ತಾರಾಂತೊ ಬಂದರಿನ ಹಿಂದಿನ ಓಣಿಯಲ್ಲಿ
ನಲವತ್ತೊಂದು ವರ್ಷ
ಕಡಲೆ ಇದ್ದವರಿಗೆ ಹಲ್ಲು ಮಾಡಿಕೊಟ್ಟವನು ನಾನು.
ಮೇಣ, ಜಿಪ್ಸಮ್ಮು, ಗುಲಾಬಿ ವಸಡು.
ಯಾರದೋ ಬಾಯಿಯ ಅಚ್ಚು ಮೇಜಿನ ಮೇಲೆ
ಏನನ್ನೋ ಕಚ್ಚಿಹಿಡಿದು ಕೂತಿರುತ್ತಿತ್ತು.
ಅಂಗಡಿ ಮುಚ್ಚಿ ಮೂರು ವರ್ಷವಾದರೂ
ಕೈಗಳಿಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ.

ಆಗ ಬಂದಳು ಒರ್ನೆಲ್ಲಾ ಮಸ್ಸಾಫ್ರಾ,
ಅಂಧಮಕ್ಕಳ ಶಾಲೆಯ ಇತಿಹಾಸದ ಟೀಚರು.
ನಕ್ಕಾಗಲೇ ಗುರುತು ಸಿಕ್ಕಿದ್ದು: ಕೆಳದವಡೆಯ ಆ ಸೇತುವೆ
ನನ್ನ ಕೆಲಸ.
"ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದೆ ಒಂದು ನಾಣ್ಯವಿದೆ.
ನನ್ನ ಮಕ್ಕಳ ಪಾಲಿಗೆ ಅಲ್ಲಿರುವುದು ಬರೀ ಗಾಜು.
ಊಟದ ತಟ್ಟೆಯಷ್ಟು ದೊಡ್ಡದು ಮಾಡಿಕೊಡ್ತೀರಾ?"

ಮೆತಪೊಂತೊ ಊರಿನ ಹಳೇ ಬೆಳ್ಳಿ, ತೆಳ್ಳನೆ ಬಿಲ್ಲೆ.
ಒಂದು ಮೈಯಲ್ಲಿ ಜವೆಗೋಧಿಯ ತೆನೆ ಉಬ್ಬಿ ನಿಂತಿದೆ,
ಹೊರಳಿಸಿದರೆ ಅದೇ ತೆನೆ, ತಗ್ಗಿನಲ್ಲಿ.
ಯಾಕೆ ಹೀಗೆ ಟಂಕಿಸಿದರೋ ಖಚಿತವಾಗಿ ಹೇಳುವವರಿಲ್ಲ ಎಂದಳು.
ನನಗೇನೂ ಆಶ್ಚರ್ಯವಾಗಲಿಲ್ಲ.
ಹಲ್ಲು ಮತ್ತು ಅಚ್ಚಿನ ಸಂಸಾರವೂ ಇಷ್ಟೇ ತಾನೆ,
ಒಂದರ ಉಬ್ಬು ಇನ್ನೊಂದರ ಹಳ್ಳ.

ಫೋಟೋ, ಭೂತಗನ್ನಡಿ, ಮೇಣ.
ಕಾಳು ಕಾಳಾಗಿ ಕೂರಿಸಿದೆ. ಸುಂಕು ಮಾತ್ರ ಕಾಡಿತು:
ಕಣ್ಣಿಗೆ ಸಾಕಾದ ಗೆರೆ ಬೆರಳಿಗೆ ಸಾಲದು,
ದಪ್ಪ ಮಾಡಿದರೆ ತೆನೆ ಹೋಗಿ ಬಾಚಣಿಗೆ.
ಕಣ್ಣು ಮುಚ್ಚಿ ಸವರಿದೆ, ಕೆರೆದೆ, ಮತ್ತೆ ಸವರಿದೆ.
ಕಿಟಕಿ ತೆರೆದಿಟ್ಟ ದಿನ
ಉಕ್ಕಿನ ಕಾರ್ಖಾನೆಯ ಕೆಂಪು ಧೂಳು ಕೂತು
ಬೆಳೆ ಒಣಗಿದಂತೆ ಕಾಣುತ್ತಿತ್ತು.

ಅಂಚಿನಿಂದ ತೆನೆಯ ಬುಡದವರೆಗೆ ಒಂದು ಬಿರುಕಿತ್ತು.
ಹಲ್ಲಿನವನ ಚಾಳಿ. ತುಂಬಿದೆ,
ನುಣ್ಣಗೆ ಉಜ್ಜಿ ಮರೆತೆ.

ಗುರುವಾರ, ಶಾಲೆ.
ಕತಾಲ್ದೊ ಮೊದಲು ಮೂಸಿದ: "ಆಸ್ಪತ್ರೆ."
ಆಮೇಲೆ ಪಕ್ಕದ ಅಕ್ಷರಗಳಿಗೆ ಬೆರಳು ತಾಗಿ,
"ಬ್ರೈಲಲ್ಲ. ಆದರೂ ಯಾರೋ ಏನೋ ಬರೆದಿದ್ದಾರೆ."
ನುನ್ಸಿಯಾಟಾ, ಹನ್ನೆರಡರ ಹುಡುಗಿ, ಮಾತಾಡಲಿಲ್ಲ.
ತಟ್ಟೆಯನ್ನು ಎತ್ತಿದಳು,
ಬಲಗೈ ಮೇಲೆ, ಎಡಗೈ ಕೆಳಗೆ,
ರೊಟ್ಟಿ ತಟ್ಟುವವರ ಹಾಗೆ ಎರಡು ಅಂಗೈ ನಡುವೆ ಹಿಡಿದು
ಎರಡೂ ಕೈಗಳನ್ನು ಒಟ್ಟಿಗೆ ನಡೆಸಿದಳು, ಬುಡದಿಂದ ತುದಿಗೆ.
"ಕೆಳಗೆ ಇಲ್ಲದ್ದೇ ಮೇಲೆ ಇದೆ," ಅಂದಳು.

ನಾನು ಅದನ್ನು ಎರಡು ತಿಂಗಳು ಕಂಡವನು.
ಹೊರಳಿಸಿ ಕಂಡೆ, ಹೊರಳಿಸಿ ಕಂಡೆ,
ಒಂದು ಮುಖ ಕಂಡಾಗ ಇನ್ನೊಂದನ್ನು ಕಳೆದುಕೊಳ್ಳುತ್ತ.
ಎರಡನ್ನೂ ಒಟ್ಟಿಗೆ ಒಮ್ಮೆಯೂ ಕಂಡಿರಲಿಲ್ಲ.

ಅಷ್ಟರಲ್ಲಿ ಅವಳ ಹೆಬ್ಬೆರಳು ಬುಡದ ಹತ್ತಿರ ನಿಂತಿತು.
"ಇಲ್ಲಿ ಯಾಕಿಷ್ಟು ನುಣುಪು?
ಇಷ್ಟು ಜಾಗದಲ್ಲಿ ಮಾತ್ರ ಯಾರೂ ಮುಟ್ಟೇ ಇಲ್ಲವಾ?"

ಟೀಚರು ನನ್ನತ್ತ ತಿರುಗಿದಳು. ನಾನು ಕೆಮ್ಮಿದೆ.
ಒಪ್ಪಿಕೊಂಡೆ: ಬಿರುಕಿತ್ತು, ನಿಮಗೆ ಚೆಂದ ಇರಲೆಂದು...
"ಬಿರುಕು ನಿಮ್ಮದಾ, ನಾಣ್ಯದ್ದಾ?"
ನಾಣ್ಯದ್ದು.
"ಮತ್ತೆ?"

ಆ ರಾತ್ರಿ ಅಡುಗೆಮನೆಯ ದೀಪದಡಿ
ಹಳೇ ಸೂಜಿಗೊರೆಯಲ್ಲಿ
ನಾನೇ ತುಂಬಿದ್ದನ್ನು ನಾನೇ ತೋಡುತ್ತ ಕೂತೆ.
ತುಂಬುವುದಕ್ಕಿಂತ ತೋಡುವುದು ನಿಧಾನದ ಕೆಲಸ.

ಇನ್ನೊಂದು ಮಾತು ಬಿಟ್ಟೆ.
ಅವತ್ತು ಹೊರಡುವಾಗ ನುನ್ಸಿಯಾಟಾ ಕೇಳಿದ್ದಳು,
"ನಿಜವಾಗಿ ಎಷ್ಟು ದೊಡ್ಡದಿತ್ತು?"
ಜೇಬಿನಿಂದ ಒಂದು ಬಿಲ್ಲೆ ತೆಗೆದು ಅವಳ ಅಂಗೈಗಿಟ್ಟೆ:
ಇದಕ್ಕಿಂತ ತುಸು ಅಗಲ, ಅಷ್ಟೇ.
ಅಂಚಿಗೆ ಉಗುರು ಸೋಕಿಸಿ, "ಎರಡು ಯೂರೋ," ಎಂದಳು ಥಟ್ಟನೆ,
"ಇಷ್ಟರೊಳಗೆ ಅಷ್ಟೊಂದು ಕಾಳಾ!
ನಿಮಗೆಲ್ಲ ಅದು ಕಾಣುತ್ತಿತ್ತಾ?"

ಇಲ್ಲ ಎನ್ನಲು ನಾಚಿಕೆಯಾಗಿ
ಬಿಲ್ಲೆ ಅವಳಿಗೇ ಬಿಟ್ಟು ಬಂದೆ.
ಬಸ್ಸಿನಲ್ಲಿ ಇನ್ನೊಂದನ್ನು ತೆಗೆದು ನೋಡಿದೆ.
ಅಂಚಿನ ಸುತ್ತ ಸಣ್ಣ ಗೆರೆ, ಗೆರೆಯ ನಡುವೆ ಅಕ್ಷರ.
ಇದ್ದವಂತೆ ಅಲ್ಲೇ, ಇಷ್ಟು ವರ್ಷ,
ನನ್ನ ಜೇಬಿನಲ್ಲೇ.